ಅಟ್ಟ ಹತ್ತಿದ್ದು ಯಾರು

ಹೆಂಚು ಒಡೆದದ್ದು ನಾನು. ಮೊದಲೇ ಹೇಳಿಬಿಡುತ್ತೇನೆ, ಅರ್ಧ ಓದಿದ ಮೇಲೆ ನಿಮಗೆ ಅನುಮಾನ ಬಂದು ಕುತ್ತಿಗೆಪಟ್ಟಿ ಹಿಡಿಯುವುದು ಬೇಡ. ಒಂದು ಹೆಂಚಾಗಿದ್ದರೆ ಗಾಳಿಯ ಮೇಲೆ ಹಾಕಬಹುದಿತ್ತು, ಕೋತಿಯ ಮೇಲೆ ಹಾಕಬಹುದಿತ್ತು. ಸಾಲಾಗಿ ಮೂರು ಒಡೆದಿದ್ದೆ. ಅದೂ ಕಾಲಿಟ್ಟು ಒಡೆದದ್ದಲ್ಲ, ಕೂತು ಒಡೆದದ್ದು. ನನ್ನ ತಲೆಗೆ ಬುದ್ಧಿಯಿಲ್ಲ ಎಂದು ನಮ್ಮಪ್ಪ ಆಗಾಗ ಹೇಳುತ್ತಿದ್ದರು. ಕೂರುವ ಭಾಗಕ್ಕೂ ಇಲ್ಲವೆಂದು ಆವತ್ತು ಖಾತ್ರಿಯಾಯಿತು.

ಈ ಹಳೇ ಸುದ್ದಿ ಈಗ ಯಾಕೆ ಎಂದರೆ, ಒಂದು ಚೂರು ಕೊಬ್ಬರಿಯಿಂದ. ಮೊನ್ನೆ ತಿಪಟೂರಿನ ಒಂದು ಆಸ್ಪತ್ರೆಯ ಮುಂದೆ ಹೊಂಗೆ ಮರದ ನೆರಳಲ್ಲಿ ಸ್ಕೂಟರ್ ಮೇಲೆ ಕೂತಿದ್ದೆ. ಒಳಗೆ ಮಂಜಕ್ಕ ಹೋಗಿದ್ದಳು. ಮಂಜಕ್ಕ ನಮ್ಮ ದೊಡ್ಡಮ್ಮನ ಮಗಳು, ಅರಳಗುಪ್ಪೆಗೆ ಕೊಟ್ಟಿದೆ. ಒಳಗೆ ಹೋಗುವ ಮುಂಚೆ ಒಂದು ಗಂಟು ನನ್ನ ಕೈಗಿಟ್ಟು, ಹಸಿದರೆ ತಿನ್ನು, ಸಿಸ್ಟರುಗಳ ಮುಂದೆ ಹಲ್ಲು ಕಿರಿಯಬೇಡ ಎಂದು ಎಚ್ಚರಿಸಿದ್ದಳು. ಗಂಟಿನಲ್ಲಿ ಪುರಿ, ಹುರಿಗಡಲೆ, ಬೆಲ್ಲ, ಕೊಬ್ಬರಿ. ನಾಲ್ಕನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ಅದರಲ್ಲೊಂದು ಚೂರು ಕೌಟು.

ಕೌಟು ಎಂದರೆ ಕೆಟ್ಟ ಕೊಬ್ಬರಿ. ನಮ್ಮ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯವರು, ಮುಚ್ಚಿಟ್ಟು ಮರೆತ ಎಣ್ಣೆ ಡಬ್ಬಿಯನ್ನು ಒಂದು ಸಲ ನೆಕ್ಕಿ ನೋಡಿ. ಉಗಿದೆ, ನೀರು ಮುಕ್ಕಳಿಸಿದೆ, ಬೆಲ್ಲ ತಿಂದೆ. ಆದರೂ ಆ ವಾಸನೆ ಮೂಗಿನ ಹಿಂದೆಲ್ಲೋ ಚಕ್ಕಳಮಕ್ಕಳ ಹಾಕಿಕೊಂಡು ಕೂತೇಬಿಟ್ಟಿತು. ಹತ್ತು ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯ ಪಡಸಾಲೆ ತುಂಬ ಇದೇ ವಾಸನೆ ಇತ್ತು. ಆವತ್ತೂ ನಾನು ಹಲ್ಲು ಕಿರಿದಿದ್ದೆ.

ಶೆಟ್ಟಿಕೆರೆ ಕಡೆಯ ನಮ್ಮ ಮನೆಯಲ್ಲಿ ಒಳ್ಳೆಯ ಜಾಗವೆಲ್ಲ ಕಾಯಿಗೆ, ಮಿಕ್ಕಿದ್ದು ಮನುಷ್ಯರಿಗೆ. ಮೇಲೆ ಅಟ್ಟ, ಅಟ್ಟದ ತುಂಬ ಮಟ್ಟೆ ಸಮೇತ ತೆಂಗಿನಕಾಯಿ. ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಯಾರೂ ಮಾತಾಡಿಸಬಾರದು. ಒಳಗಿನ ನೀರು ತಾನೇ ಆರಿ, ತಿರುಳು ತಾನೇ ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಕೆಳಗಿನ ಒಲೆಯ ಹೊಗೆ ಅದಕ್ಕೂ ನಮಗೂ ಸಮಪಾಲು. ಬಿಳೀ ಅಂಗಿ ತೊಟ್ಟು ಕಾಲೇಜಿಗೆ ಹೋದರೆ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೆ ಹೊಗೆಯೇ ಕಾರಣವೆಂದು ನಂಬಿಕೊಂಡು ಇವತ್ತಿಗೂ ನೆಮ್ಮದಿಯಾಗಿದ್ದೇನೆ.

ಆ ಅಟ್ಟಕ್ಕೆ ಒಂದು ಕಟ್ಟಳೆ ಇತ್ತು. ಮುಟ್ಟಾದ ಹೆಂಗಸು ಹತ್ತಿದರೆ ಕೊಬ್ಬರಿ ಕೌಟಾಗುತ್ತದೆ. ನಮ್ಮ ಕಡೆ ಹಲವು ಮನೆಗಳಲ್ಲಿ ಹಾಗೇ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಇಲಿ ಹತ್ತಬಹುದು, ಬೆಕ್ಕು ಹತ್ತಿ ಅಲ್ಲೇ ಮರಿ ಹಾಕಬಹುದು, ನನ್ನಂಥವನೂ ಹತ್ತಬಹುದು. ತಿಂಗಳಲ್ಲಿ ಕೆಲವು ದಿನ ನಮ್ಮಮ್ಮ ಮಾತ್ರ ಏಣಿಯ ಕಡೆ ತಿರುಗಬಾರದು. ಹಾಗಾಗಿ ಅಟ್ಟದ ಯಜಮಾನಿಕೆ ಮುಟ್ಟು ನಿಂತವಳಿಗೆ. ನಮ್ಮನೆಯಲ್ಲಿ ಅದು ದೊಡ್ಡಮ್ಮ.

ದೊಡ್ಡಪ್ಪ ಬಹಳ ಹಿಂದೆಯೇ ತೀರಿಹೋಗಿದ್ದರು. ದೊಡ್ಡಮ್ಮ ನಮ್ಮ ಜೊತೆಯಲ್ಲೇ ಇದ್ದಳು. ನಿಜ ಹೇಳಬೇಕೆಂದರೆ ನಾವು ಅವಳ ಜೊತೆಯಲ್ಲಿದ್ದೆವು. ಮೈನೆರೆದ ವರ್ಷವೇ ಅವಳಿಗೆ ಮದುವೆ. ಆಮೇಲೆ ತೊಟ್ಟಿಲು ಕಟ್ಟಿದ ಹಗ್ಗ ಬಿಚ್ಚಲಿಲ್ಲವಂತೆ, ಒಂದಾದ ಮೇಲೊಂದು ಹೆರಿಗೆ. ಉಳಿದವರಲ್ಲಿ ಮಂಜಕ್ಕ ಕಡೆಯವಳು. ಸೊಂಟದಲ್ಲಿ ಎಲೆಅಡಿಕೆ ಸಂಚಿ, ಸಂಚಿಯಲ್ಲಿ ಹೊಗೆಸೊಪ್ಪು. ಊಟ ಬಿಟ್ಟರೂ ಬಿಟ್ಟಾಳು, ಹೊಗೆಸೊಪ್ಪು ಬಿಡಳು. ಮುಟ್ಟು ನಿಂತ ವರ್ಷ ಏಣಿ ಅವಳ ಕೈಗೆ ಬಂತು. ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ ಸರಸರ ಹತ್ತುತ್ತಿದ್ದಳು. ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, ಇದಿನ್ನೂ ನೀರು, ಇದು ಗಿಟಕು ಎಂದು ಹೇಳುತ್ತಿದ್ದಳು. ಗಿಟಕು ಎಂದರೆ ಒಣಗಿ ಚಿಪ್ಪು ಬಿಟ್ಟ ಕೊಬ್ಬರಿ. ಕೆಳಗಿಳಿದ ಮೇಲೆ ನನ್ನ ತಲೆಯನ್ನೂ ಎರಡು ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದಳು.

“ಲೇ, ಇದ್ರಲ್ಲಿ ಇನ್ನೂ ಬರೀ ನೀರೇ ಐತಲ್ಲೋ. ಯಾವಾಗ್ಲಾ ಬಲಿಯೋದು?”

ಆಗ ನಾನು ಪಿಯುಸಿಗೆ ಎರಡನೇ ಸಲ ಕೂತಿದ್ದೆ.

ಈಗ ಹೆಂಚಿನ ವಿಚಾರ. ಮನೆಗೆ ಟೀವಿ ಬಂದ ಹೊಸತು. ನಮ್ಮ ಟೀವಿಯಲ್ಲಿ ಎಲ್ಲ ಕಾರ್ಯಕ್ರಮಗಳಲ್ಲೂ ಮಂಜು ಸುರಿಯುತ್ತಿತ್ತು. ಒಂದು ಭಾನುವಾರ ಕ್ರಿಕೆಟ್ ಇತ್ತು. ಆಂಟೆನಾ ತಿರುಗಿಸಲು ಸೂರು ಹತ್ತಿದೆ. ಮೇಲಿನಿಂದ ನಾನು ಬಂತಾ ಎಂದರೆ, ಒಳಗಿಂದ ನನ್ನ ಸ್ನೇಹಿತರು ಬಂತು ಎನ್ನುತ್ತಿದ್ದರು, ಕೈ ಬಿಟ್ಟೊಡನೆ ಹೋಯ್ತು ಎನ್ನುತ್ತಿದ್ದರು. ಹಿಡಿದುಕೊಂಡೇ ಇದ್ದರೆ ಚಿತ್ರ ನಿಲ್ಲುತ್ತದೆ ಎಂದು ಪತ್ತೆಯಾಯಿತು. ಅವರು ಕೆಳಗೆ ಪಂದ್ಯ ನೋಡಲಿ, ನಾನು ಮೇಲೆ ಕೂತು ಕಂಬ ಹಿಡಿಯುವುದು ಎಂದಾಯಿತು. ಜಗತ್ತಿನಲ್ಲಿ ಸದ್ದು ಕೇಳಿಸಿಕೊಂಡೇ ಇಡೀ ಪಂದ್ಯ ಮುಗಿಸಿದ ವೀರ ನಾನೊಬ್ಬನೇ ಇರಬೇಕು. ಕೊನೆಯ ಓವರಿನಲ್ಲಿ ಕೆಳಗೆ ಕೂಗು ಎದ್ದಿತು. ನಾನೂ ಕೂತಲ್ಲೇ ಕುಣಿದೆ. ಕಟಕ್ ಎಂದಿತು.

ಅದಕ್ಕೆ ಸ್ವಲ್ಪ ದಿನ ಮುಂಚೆ ತೋಟದ ಮೋಟಾರು ಸುಟ್ಟಿದ್ದೆ. ಇನ್ನೊಂದು ಸಾಮಾನು ಹಾಳು ಮಾಡಿದರೆ ಕಾಲೇಜು ಬಿಡಿಸಿ ನಾರಿನ ಫ್ಯಾಕ್ಟರಿಗೆ ಹಾಕುತ್ತೇನೆ ಎಂದು ಅಪ್ಪ ದೇವರ ಮುಂದೆ ಆಣೆ ಮಾಡಿದ್ದರು. ನಾನು ಗೊಬ್ಬರದ ಖಾಲಿ ಚೀಲವೊಂದನ್ನು ಮಡಚಿ ಒಡೆದ ಹೆಂಚಿನ ಕೆಳಗೆ ತುರುಕಿದೆ. ಮೇಲೊಂದು ಸೋಗೆ ಎಳೆದೆ. ಎಂಜಿನಿಯರಿಂಗ್ ಓದಿದವರೂ ಇಷ್ಟು ಚೆನ್ನಾಗಿ ಮುಚ್ಚಲಾರರು ಅನ್ನಿಸಿತು. ಆಮೇಲೆ ಮಳೆ ಬಂತು. ಮಳೆ ನನ್ನ ಎಂಜಿನಿಯರಿಂಗನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

ಕಾಯಿ ಇಳಿಸಿ ಸುಲಿಸುವ ವಾರ ಬಂತು. ಅದಕ್ಕೆರಡು ದಿನ ಮುಂಚೆ ದೊಡ್ಡಮ್ಮ ನನ್ನನ್ನು ಹಿತ್ತಿಲಿಗೆ ಕರೆದು, ಸೋಮವಾರ ನಿನ್ನ ಮೊಪೆಡ್‌ನಲ್ಲಿ ತಿಪಟೂರು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಳು. ಏನಾಯಿತೆಂದು ಕೇಳಿದೆ. ಸೊಂಟನೋವು ಎಂದಳು. ಮನೆಯಲ್ಲಿ ಹೇಳಬೇಡ ಎಂದೂ ಸೇರಿಸಿದಳು. ಸೊಂಟನೋವನ್ನು ಯಾಕೆ ಮುಚ್ಚಿಡಬೇಕು ಎಂದು ನನ್ನ ನೀರುತುಂಬಿದ ತಲೆಗೆ ಹೊಳೆಯಲಿಲ್ಲ. ಹಿಂದೆ ಕೂತವರು ಪೆಟ್ರೋಲ್ ಹಾಕಿಸಬೇಕು ಎಂದಷ್ಟೇ ಹೇಳಿ, ತಲೆ ಮೇಲೆ ಮೊಟಕಿಸಿಕೊಂಡು ಬಂದೆ.

ಸುಲಿಯುವ ದಿನ ಅಂಗಳದಲ್ಲಿ ಗಂಡಸರು ಮಟ್ಟೆ ಬಿಡಿಸುತ್ತಿದ್ದರು, ಪಡಸಾಲೆಯಲ್ಲಿ ಹೆಂಗಸರು ಚಿಪ್ಪು ಒಡೆದು ಕೊಬ್ಬರಿ ತೆಗೆಯುತ್ತಿದ್ದರು. ಬೆಳಿಗ್ಗೆಯೆಲ್ಲ ಚೆಂಡಿನಂಥ ಕೊಬ್ಬರಿ ಉರುಳಿ ಬಂತು. ಮಧ್ಯಾಹ್ನ ಅಟ್ಟದ ಮೂಲೆಯ ಕಾಯಿಗೆ ಕೈ ಹಾಕಿದಾಗ ವಾಸನೆ ಶುರುವಾಯಿತು. ಒಡೆದದ್ದೆಲ್ಲ ಕೌಟು. ಕರೀ ಬೂಷ್ಟು ಹಿಡಿದು ಕೈಗೆ ಅಂಟುತ್ತಿತ್ತು. ಅಪ್ಪ ಎದ್ದು ಬಂದು ಒಂದನ್ನು ಎತ್ತಿ ಮೂಸಿದರು. ಪಕ್ಕದ ಮನೆಯ ನಂಜಮ್ಮ ಕೈಯಲ್ಲಿದ್ದ ಚಿಪ್ಪು ಕೆಳಗಿಟ್ಟಳು.

“ಅಲ್ಲ ಕಣ್ರೇ, ಅಟ್ಟ ಯಾರಾದ್ರೂ ಹತ್ತಿದ್ರಾ?”

ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತು. ಎಲ್ಲರ ಕಣ್ಣೂ ನಮ್ಮಮ್ಮನ ಕಡೆ ಹೋಯಿತು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಅದೇ ಹೊತ್ತಿಗೆ ಅಪ್ಪ ನಿಧಾನಕ್ಕೆ ತಲೆ ಎತ್ತಿ ಸೂರಿನ ಕಡೆ ನೋಡತೊಡಗಿದರು.

ಇಲ್ಲಿ ಒಂದು ನಿಮಿಷ ನನ್ನ ಜಾಗದಲ್ಲಿ ನಿಂತು ನೋಡಿ. ಒಂದು ಕಡೆ ಅಮ್ಮ ಅಳುವುದರಲ್ಲಿದ್ದಾಳೆ, ಇನ್ನೊಂದು ಕಡೆ ಅಪ್ಪನ ಕಣ್ಣು ಹೆಂಚು ಹೆಂಚಾಗಿ ನನ್ನ ಪಾಪದ ಕಡೆ ಬರುತ್ತಿದೆ. ಒಳ್ಳೆಯ ಮಗನಾಗಿದ್ದರೆ, ಅಪ್ಪಾ ಅದು ನಾನೇ ಎನ್ನುತ್ತಿದ್ದ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ.

“ಅಮ್ಮನ್ಯಾಕೆ ನೋಡ್ತೀರ ಬುಡ್ರಮ್ಮೋ. ಹತ್ತಿದ್ದು ದೊಡ್ಡಮ್ಮ. ಮತ್ತೆ ಹರೇಕ್ ಬಂದವ್ಳೆ, ಗೊತ್ತಿಲ್ವಾ? ಸೋಗೆ ನಾನ್ ತತ್ತೀನಿ, ಇವತ್ತೇ ಗುಡ್ಲು ಹಾಕಿ ಕೂರುಸ್ಬುಡಾನ.”

ಮೈನೆರೆದ ಹುಡುಗಿಗೆ ಸೋಗೆಯ ಗುಡ್ಲು ಹಾಕಿ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಬೋಳು ಹಣೆಯ, ಬಿಳೀ ಕೂದಲಿನ ದೊಡ್ಡಮ್ಮನನ್ನು ಗುಡ್ಲಲ್ಲಿ ಕೂರಿಸುವ ಚಿತ್ರ ಎಲ್ಲರ ಕಣ್ಣಿಗೂ ಬಂತು. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ನಂಜಮ್ಮ ಚಿಪ್ಪಿನ ರಾಶಿಯ ಮೇಲೇ ಒರಗಿದಳು. ಸುಲಿಯುವವರು ಅಂಗಳದಿಂದ ಇಣುಕಿ ಏನಾಯಿತೆಂದು ಕೇಳಿ, ಅವರೂ ನಕ್ಕರು. ಅಪ್ಪನ ಮುಖವೂ ಸಡಿಲವಾಗಿ, ಕಣ್ಣು ಸೂರಿನಿಂದ ಇಳಿಯಿತು. ಅಮ್ಮ ಕಣ್ಣೊರೆಸಿಕೊಂಡು ನಕ್ಕಳು. ದೊಡ್ಡಮ್ಮ ಸೆರಗನ್ನು ಬಾಯಿಗೊತ್ತಿಕೊಂಡು, ನಿನ್ನ ಬಾಯಿಗೆ ಬೂದಿ ಹಾಕ ಎಂದು ಬೈದು, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ನನ್ನ ಜೀವನದಲ್ಲೇ ಅಷ್ಟು ದೊಡ್ಡ ನಗು ನಾನು ಎಬ್ಬಿಸಿರಲಿಲ್ಲ. ಅದರ ಗುಂಗಿನಲ್ಲಿ ಎರಡು ದಿನ ಇದ್ದೆ.

ಸೋಮವಾರ ಬೆಳಿಗ್ಗೆ ಮೊಪೆಡ್ ಒರೆಸಿ ಬಾಗಿಲಿಗೆ ತಂದೆ. ದೊಡ್ಡಮ್ಮ ಹೊರಗೆ ಬಂದು, ಸೊಂಟನೋವು ವಾಸಿಯಾಯಿತು, ಬ್ಯಾಡ ಬುಡು ಎಂದಳು. ಸದ್ಯ, ಪೆಟ್ರೋಲ್ ಉಳಿಯಿತು ಎಂದುಕೊಂಡೆ.

ಆಮೇಲಿನ ದಿನಗಳನ್ನು ಈಗ ನೆನೆದರೆ ಎಲ್ಲವೂ ಕಣ್ಣ ಮುಂದೆಯೇ ಇತ್ತು. ಮಾರನೇ ವಾರವೇ ಅವಳು ಏಣಿಯನ್ನು ಅಮ್ಮನಿಗೆ ಬಿಟ್ಟುಕೊಟ್ಟಳು, ಮಂಡಿನೋವು ಎಂದು. ಎಲ್ಲರಿಗಿಂತ ಮುಂಚೆ ಎದ್ದು ಬಟ್ಟೆ ಒಗೆದುಕೊಂಡು ಹಿತ್ತಿಲ ಬೇಲಿಯ ಆಚೆ ಒಣಗಿಹಾಕುತ್ತಿದ್ದಳು. ತನ್ನ ಕೋಣೆಯಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಊದುಬತ್ತಿ ಹಚ್ಚುತ್ತಿದ್ದಳು. ದೊಡ್ಡಮ್ಮನಿಗೆ ಭಕ್ತಿ ಹೆಚ್ಚಾಯಿತು ಎಂದು ನಾನು ಅದನ್ನೂ ಆಡಿಕೊಂಡೆ. ಪಕ್ಕದಲ್ಲಿ ಕೂತರೆ ದೂರ ಸರಿಯುತ್ತಿದ್ದಳು. ನನ್ನ ತಲೆ ಹಿಡಿದು ಅಲ್ಲಾಡಿಸುವುದು ನಿಂತುಹೋಯಿತು. ಪೋಲಿಯೋ ಹನಿ ಹಾಕಲು ಬಂದ ಸಿಸ್ಟರ್ ಜಗುಲಿಯಲ್ಲಿ ಕೂತು, ಬಿಳಿ ಹೋಗುವುದು, ರಕ್ತ ಹೋಗುವುದು, ಏನಿದ್ದರೂ ಹೇಳಿ, ನಾಚಿಕೊಳ್ಳಬೇಡಿ ಎಂದು ಹೆಂಗಸರನ್ನು ವಿಚಾರಿಸಿದ್ದರು. ಮುಟ್ಟು ನಿಂತವಳಿಗೆ ಇನ್ನೇನವ್ವಾ ಎಂದು ದೊಡ್ಡಮ್ಮ ಎದ್ದು ಒಳಗೆ ಹೋಗಿದ್ದಳು. ಹಾಗೇ ಒಂದು ವರ್ಷವೇ ಕಳೆಯಿತು.

ಗೌರಿಹಬ್ಬಕ್ಕೆ ಮಂಜಕ್ಕ ತವರಿಗೆ ಬಂದಳು. ಅವ್ವನಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬಚ್ಚಲಿಗೆ ಹೋದವಳು ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಕಾರು ಮಾಡ್ಕೊಂಡು ಬಾ ಎಂದಳು. ಹಬ್ಬದ ಒಬ್ಬಟ್ಟು ಬಿಟ್ಟು ಎಲ್ಲಿಗೆ ಎಂದು ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ ಕೇಳಲಿಲ್ಲ.

ತುಮಕೂರಿನ ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ ನಮ್ಮನ್ನು ಒಳಗೆ ಕರೆದರು. ಭಯವಾದಾಗ ನನಗೆ ತಮಾಷೆ ಬರುವ ರೋಗ ಇದೆ. ಅಟ್ಟದ ಮೇಲೆ ಹತ್ತಿ ಇಳಿದು ಉಳುಕಿರಬೇಕು ಡಾಕ್ಟ್ರೇ ಎಂದೆ. ಅವರು ನಗಲಿಲ್ಲ. ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ನನ್ನನ್ನೇ ಕೇಳಿದರು. ದೊಡ್ಡಮ್ಮನ ವಿಷಯದಲ್ಲಿ ರಕ್ತ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ನೋಡಿ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡ್ರೂ ಅದು ಮುಟ್ಟಲ್ಲ. ಅವತ್ತೇ ಬರಬೇಕಿತ್ತು.”

ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆ, ಬಹಳ ಮುಂದೆ ಹೋಗಿದೆ ಎಂದರು. ಮಂಜಕ್ಕ, ಅವ್ವ ಯಾವ ತಪ್ಪೂ ಮಾಡಿದವಳಲ್ಲ ಎಂದು ಅಳತೊಡಗಿದಳು. ಡಾಕ್ಟರ್ ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು. ಇದರ ಮೂಲ ಒಂದು ವೈರಸ್ಸು. ಗಂಡ ಹೆಂಡತಿ ಕೂಡುವಾಗ ದಾಟುವಂಥದ್ದು, ಸಂಸಾರ ಮಾಡಿದ ಯಾರಿಗೆ ಬೇಕಾದರೂ ತಗಲಬಹುದು, ಅದರಲ್ಲಿ ಯಾರ ನಡತೆಯ ಮಾತೂ ಇಲ್ಲ. ಬಹಳ ಜನಕ್ಕೆ ಬಂದು ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ನೋವಿಲ್ಲದೆ ಸದ್ದಿಲ್ಲದೆ ಎಷ್ಟೋ ವರ್ಷ ಒಳಗೇ ಕೆಡಿಸುತ್ತಾ ಹೋಗುತ್ತದೆ. ಎಳೇ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ಹೊಗೆಸೊಪ್ಪು, ಬೀಡಿ ಇವೆಲ್ಲ ಅದಕ್ಕೆ ಅನುಕೂಲ ಮಾಡಿಕೊಡುತ್ತವೆ. ಏನೂ ತೊಂದರೆ ಇಲ್ಲದಾಗಲೇ ಬಂದು ಪರೀಕ್ಷೆ ಮಾಡಿಸಿಕೊಂಡರೆ ಕ್ಯಾನ್ಸರ್ ಆಗುವ ಮುಂಚೆಯೇ ಹಿಡಿಯಬಹುದು. ಸಣ್ಣ ಬ್ರಷ್ಷಿನಲ್ಲಿ ಸವರಿ ತೆಗೆಯುತ್ತಾರೆ, ತಲೆ ಬಾಚಿದಷ್ಟು ಹೊತ್ತೂ ಹಿಡಿಯುವುದಿಲ್ಲ. ಅವರು ಹೇಳುತ್ತಾ ಹೋದಂತೆ ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಕಾಯಿಯನ್ನು ಕಿವಿಗೆ ಹಿಡಿದು ಒಳಗಿನ ಸುದ್ದಿ ಕೇಳುತ್ತಿದ್ದವಳ ಒಳಗನ್ನು ಕೇಳಲು ಮನೆಯಲ್ಲಿ ಒಂದು ಕಿವಿ ಇರಲಿಲ್ಲ. ಒಂದು ಬಾಯಿ ಇತ್ತು, ಅದು ನನ್ನದು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಯನ್ನು ನಮ್ಮ ಜನ ಹಾಗೇ ಕರೆಯುವುದು. ದೊಡ್ಡಮ್ಮ ಅಲ್ಲೂ ಬಾಯಿ ಸೋಲಲಿಲ್ಲ.

“ನಮ್ಮೂರಿಗೆ ಬರ್ದೇ ಇರೋ ಕರೆಂಟ್ನೆಲ್ಲ ಇವ್ರು ನಂಗೊಬ್ಳಿಗೇ ಹಾಕ್ತಾವ್ರಲ್ಲೋ. ಪಂಪ್‌ಸೆಟ್ನಾರೂ ಕಟ್ರಪ್ಪ, ತ್ವಾಟ ನೆನೀಲಿ.”

ವಾರ್ಡಿನ ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ನಮ್ಮ ಕಡೆಯಂಥ ಹಳ್ಳಿಯವರೇ, ಎಲ್ಲರೂ ತಡವಾಗಿ ಬಂದವರೇ. ಒಬ್ಬೊಬ್ಬರಿಗೂ ಒಂದೊಂದು ಅಟ್ಟ ಇತ್ತೋ ಏನೋ.

ಊರಿಗೆ ಕರೆತಂದ ಮೇಲೆ ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಹತ್ತಿರ ಕರೆದಳು. ತಲೆ ಬಗ್ಗಿಸಿದೆ. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಲ್ಲಾಡಿಸುವಷ್ಟು ಶಕ್ತಿ ಇರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದಳು. ಹೆಂಚಿನ ವಿಷಯ ಬಾಯಿಯ ತುದಿಗೆ ಬಂತು. ಆಡಬಾರದ ಕಡೆ ಅಷ್ಟು ಆಡುವ ಬಾಯಿ ಆವತ್ತು ತೆರೆಯಲೇ ಇಲ್ಲ. ಆ ವರ್ಷದ ಕಾಯಿ ಅಟ್ಟದಿಂದ ಇಳಿಯುವ ಮುಂಚೆ ಅವಳು ಹೋದಳು.

ಮಂಜಕ್ಕ ಆಸ್ಪತ್ರೆಯಿಂದ ಹೊರಗೆ ಬಂದಾಗ ನಾನಿನ್ನೂ ಉಗಿಯುತ್ತಲೇ ಇದ್ದೆ. ಹೋದ ವರ್ಷ ಅವಳ ಪರೀಕ್ಷೆಯಲ್ಲಿ ಏನೋ ಸಣ್ಣ ಬದಲಾವಣೆ ಕಂಡಿತ್ತು. ಕ್ಯಾನ್ಸರ್ ಅಲ್ಲ, ಮುಂದೆ ಆಗಬಹುದಾದದ್ದು. ಅಲ್ಲೇ ಅದನ್ನು ತೆಗೆದು ಅವತ್ತೇ ಮನೆಗೆ ಕಳಿಸಿದ್ದರು. ಈ ಸಲ ಎಲ್ಲ ಸರಿಯಾಗಿದೆ ಎಂದರಂತೆ. ಹುಡುಗಿಯರಿಗೆ ಈಚೆಗೆ ಒಂದು ಲಸಿಕೆಯೂ ಬಂದಿದೆ, ತನ್ನ ಮಗಳಿಗೆ ಅದನ್ನು ವಿಚಾರಿಸಿ ಬಂದೆ ಎಂದಳು. ಇಷ್ಟನ್ನು ರಾಗಿ ಬೀಸಿಸಿಕೊಂಡು ಬಂದವಳ ಹಾಗೆ ಹೇಳಿ ಸ್ಕೂಟರ್ ಹತ್ತಿ ಕೂತಳು.

ನೀನು ಕೊಟ್ಟ ಕೊಬ್ಬರಿ ಕೌಟು ಎಂದು ದೂರಿದೆ. ಅಟ್ಟ ಯಾರು ಹತ್ತಿದ್ದರೋ ಎಂದು ನಂಜಮ್ಮನಂಥವರು ಕೇಳುವ ಮಾತನ್ನು ಮಂಜಕ್ಕ ಕೇಳಲಿಲ್ಲ. ಎಲ್ಲೋ ಹೆಂಚು ಸೋರುತ್ತಿರಬೇಕು, ನಾಳೆ ಯಾರನ್ನಾದರೂ ಹತ್ತಿಸಿ ನೋಡಿಸಬೇಕು ಎಂದಳು.

ಊರು ದಾಟಿ ತೆಂಗಿನ ತೋಟಗಳು ಶುರುವಾದವು. ರಸ್ತೆಯ ಕಡೆ ನೋಡಿಕೊಂಡೇ, ಮುಖ ತೋರಿಸುವ ಕಷ್ಟವಿಲ್ಲದ್ದರಿಂದ, ಎಲ್ಲ ಹೇಳಿಬಿಟ್ಟೆ. ಆಂಟೆನಾ, ಕ್ರಿಕೆಟ್, ಗೊಬ್ಬರದ ಚೀಲ, ಗುಡ್ಲಿನ ಜೋಕು. ಆ ಜೋಕು ಮಾಡಿದ್ದು ಯಾರನ್ನೋ ನಗಿಸಲಿಕ್ಕಲ್ಲ, ಅಪ್ಪನ ಕಣ್ಣು ಸೂರಿನಿಂದ ಇಳಿಯಲಿ ಎಂದು. ಮಂಜಕ್ಕ ಬಿದ್ದುಗಿದ್ದು ಹೋದಳೇ ಎಂದು ಹಿಂದೆ ತಿರುಗಿ ನೋಡಿದೆ.

“ಮುಂದೆ ನೋಡ್ಕೊಂಡು ಓಡ್ಸ್ಲಾ,” ಎಂದಳು. “ಅವ್ವಂಗೆ ಗೊತ್ತಿತ್ತು. ಸುಲಿಯೋಕೆ ಮುಂಚೇನೇ ಆ ಚೀಲ ಅವ್ಳಿಗೆ ಸಿಕ್ತು. ನಿಮ್ಮಪ್ಪ ಕಂಡ್ರೆ ನಿನ್ನ ಬುಡಲ್ಲ ಅಂತ ಒಲೆಗಾಕ್ಬುಟ್ಟು, ಒಡೆದಿದ್ ಹೆಂಚು ತೆಗ್ದು ತಾನೇ ಬೇರೆ ಹೆಂಚು ಇಟ್ಟಿದ್ಲು.”

ಹಾಗಾದರೆ ಅವತ್ತು ಯಾಕೆ ಹೇಳಲಿಲ್ಲ, ಯಾಕೆ ಸೋಮವಾರ ಬರಲಿಲ್ಲ ಎಂದು ಕೇಳಿದೆ.

“ಹೆಂಗ್ ಬತ್ತಾಳೆ? ನೀನು ಹಂಗಂದ ಎರಡೇ ದಿನಕ್ಕೆ ಆಸ್ಪತ್ರೆಗೋದ್ರೆ, ಓ ನಿಜಾನೇ, ಇವ್ಳೇ ಅಟ್ಟ ಕೆಡ್ಸಿದ್ದು ಅಂತಿದ್ರು. ಅಲ್ಲ ಅನ್ನೋಕೆ ಆ ಒಡೆದ ಹೆಂಚು ತೋರುಸ್ಬೇಕಿತ್ತು. ತೋರ್ಸಿದ್ರೆ ನಿನ್ನ ಕಾಲೇಜು ಹೋಗ್ತಿತ್ತು.”

ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಸ್ಕೂಟರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಬಸ್ಸು ಹೋದ ಮೇಲೂ ಹೊರಡಲಾಗಲಿಲ್ಲ. ಮಂಜಕ್ಕ ಇಳಿಯಲೂ ಇಲ್ಲ, ಬೆನ್ನ ಮೇಲೆ ಕೈ ಇಡಲೂ ಇಲ್ಲ. ಮುಂದಿನ ವಾರ ನಿಮ್ಮಮ್ಮನನ್ನೂ ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ, ನಾನೂ ಬಂದು ಜೊತೆಗಿರುತ್ತೇನೆ ಎಂದಳು. ಆಮೇಲೆ, ಆಸ್ಪತ್ರೆಯಲ್ಲಿ ಮಲಗಿದ್ದಾಗ ದೊಡ್ಡಮ್ಮ ಅಂದದ್ದನ್ನು ಹೇಳಿದಳು.

“ನೀನು ನಗ್ಸಿದ್ದಕ್ಕೆ ಅವ್ವಂಗೆ ಬ್ಯಾಸ್ರ ಇರ್ಲಿಲ್ಲ ಕಣ್ಲಾ. ಎಲ್ರೂ ನೋಡ್ತಾವ್ರೆ ಅಂತ ತಾನೂ ನಗ್ಬೇಕಾಯ್ತಲ್ಲ, ಅದೊಂದು ಮಾತ್ರ ಅವತ್ತು ಬಾಳ ನೋವಾಯ್ತು ಅಂದ್ಲು.”